ಇಲಿ ಮುನಿಕೃಷ್ಣಪ್ಪನ ಗಣಪತಿ

ಶಿವಾರಪಟ್ಟಣದಲ್ಲಿ ಮುನಿಕೃಷ್ಣಪ್ಪ ಯಾರು ಎಂದು ಕೇಳಿದರೆ ಮೂರು ಮನೆ ತೋರಿಸುತ್ತಾರೆ. ಇಲಿ ಮುನಿಕೃಷ್ಣಪ್ಪ ಎಂದರೆ ಒಂದೇ ಮನೆ. ಅವನ ಮನೆಯಲ್ಲಿ ಇಲಿಕಾಟವೇನಿಲ್ಲ. ಕಾಟವೇನಿದ್ದರೂ ಅವನಿಂದ ಇಲಿಗಳಿಗೆ. ಮೂವತ್ತೊಂಬತ್ತು ವರ್ಷಗಳಿಂದ ಅವನು ಕಲ್ಲಿನಲ್ಲಿ ಇಲಿ ಕೆತ್ತುತ್ತಿದ್ದಾನೆ. ಬೇರೆಯವರು ಕೆತ್ತಿದ ಗಣಪತಿಗಳ ಪಾದದ ಬಳಿ ಕೂರುವ, ಮುಷ್ಟಿಗಾತ್ರದ ಇಲಿಗಳು. ಎಡಗಿವಿ ಕೊಂಚ ಮಡಚಿಕೊಂಡಿದ್ದರೆ ಅದು ಅವನದೇ ಎಂದು ತಿಳಿಯಬೇಕು. ಅದು ಅವನ ಸಹಿ.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ‘ನನ್ನ ಜೀವನದ ಗುರಿ’ ಎಂದು ಬರೆಯಲು ಹೇಳಿದ್ದರು. ಪಕ್ಕದಲ್ಲಿ ಕೂತಿದ್ದ ಅಮರನಾಥ ಡಾಕ್ಟರ್ ಎಂದು ಎರಡು ಪುಟ ಬರೆದ. ಮುನಿಕೃಷ್ಣಪ್ಪ ‘ಇನ್ನೂ ಯೋಚಿಸುತ್ತಿದ್ದೇನೆ’ ಎಂದು ಒಂದೇ ಸಾಲು ಬರೆದು ಎರಡು ಏಟು ತಿಂದ. ನಾನು ಓದಿದ ಕಾನ್ವೆಂಟಿನಲ್ಲಿ ಇದೇ ಪ್ರಬಂಧಕ್ಕೆ ಇಡೀ ಕ್ಲಾಸು ಪೈಲಟ್ ಎಂದು ಬರೆದಿತ್ತು. ಅಷ್ಟೂ ಜನ ಪೈಲಟ್ ಆಗಿದ್ದರೆ ಕೋಲಾರಕ್ಕೆ ಬಿಸಿಲೇ ಬೀಳುತ್ತಿರಲಿಲ್ಲ. ಅಮರನಾಥನೂ ಡಾಕ್ಟರಾಗಲಿಲ್ಲ. ಹುತ್ತೂರು ಕಡೆಯ ಒಂದು ಹೈಸ್ಕೂಲಿಗೆ ಹೆಡ್‌ಮಾಸ್ಟರಾದ. ಈಗ ಪ್ರತಿ ವರ್ಷ ಮಕ್ಕಳಿಗೆ ಹದಿನೈದಕ್ಕೇ ಗುರಿ ನಿರ್ಧರಿಸಿಬಿಡಿ ಎಂದು ಭಾಷಣ ಮಾಡುತ್ತಾನೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಾಗ ಮುನಿಕೃಷ್ಣಪ್ಪನ ತಂದೆ ಅವನನ್ನು ವಿಗ್ರಹ ಕೆತ್ತುವ ಆಚಾರಿಯ ಶೆಡ್ಡಿಗೆ ಕರೆತಂದರು. ಅವರದು ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆ. “ಮುಂದೇನು ಅಂತ ನಿರ್ಧಾರ ಆಗೋವರ್ಗೂ ನಿಮ್ಮತ್ರ ಇರ್ಲಿ ಆಚಾರ್ರೇ” ಎಂದರು. ಹೀಗೆ ಎರಡು ತಿಂಗಳ ಮಟ್ಟಿಗೆ ಉಳಿ ಹಿಡಿಯಲು ಬಂದವನು ಉಳಿದೇಬಿಟ್ಟ.

ಶೆಡ್ಡಿನಲ್ಲಿ ಒಂದು ಕ್ರಮವಿತ್ತು. ಹೊಸಬ ಚೂರುಗಲ್ಲಿನಲ್ಲಿ ಇಲಿ ಮಾಡಬೇಕು. ಇನ್ನೊಬ್ಬ ಹೊಸಬ ಬಂದರೆ ಇವನು ಪೀಠದ ಕಮಲದ ಎಸಳಿಗೆ ಏರುತ್ತಾನೆ, ಆಮೇಲೆ ಕೈಕಾಲಿಗೆ, ಕೊನೆಗೆ ಮುಖಕ್ಕೆ. ಮುನಿಕೃಷ್ಣಪ್ಪನ ಹಿಂದೆ ಬಂದವರು ಆಚಾರಿಯ ಮಕ್ಕಳು, ತಂಗಿಯ ಮಕ್ಕಳು, ಅಳಿಯ. ಮನೆಯವರಿಗೆ ಇಲಿ ಕೊಡುವುದು ಹೇಗೆ? ಅವರು ನೇರ ಎಸಳಿಗೇ ಕೂತರು. ಅವರ ಸರದಿ ಮುಗಿಯುವ ಹೊತ್ತಿಗೆ ನರಸಾಪುರಕ್ಕೆ ಕಂಪನಿಗಳು ಬಂದವು. ಇಲಿಗೆ ಕೂರಬೇಕಿದ್ದ ಹುಡುಗರೆಲ್ಲ ಬೆಳಗಿನ ಶಿಫ್ಟಿನ ಬಸ್ಸು ಹತ್ತಿದರು.

“ಸ್ವಲ್ಪ ತಡ್ಕೋ ಮುನಿಕೃಷ್ಣ, ಇಲಿಗೊಬ್ಬ ಸಿಗ್ಲಿ” ಎನ್ನುತ್ತಲೇ ಆಚಾರಿ ಮುದುಕರಾದರು. ಮುನಿಕೃಷ್ಣಪ್ಪನಿಗೆ ಐವತ್ತಾರಾಯಿತು.

ಅವನಿಗೆ ಇದ್ದದ್ದು ಒಂದೇ ಆಸೆ. ಬುಡದಿಂದ ಕಿರೀಟದವರೆಗೆ ತಾನೊಬ್ಬನೇ ಕೆತ್ತಿದ ಒಂದು ಗಣಪತಿ. ಆ ಆಸೆ ಅವನಿಗಿಂತ ಹೆಂಡತಿ ಶಾಮಲಮ್ಮನನ್ನು ಹೆಚ್ಚು ಸುಡುತ್ತಿತ್ತು. ಅವಳ ತವರು ಮುಳಬಾಗಿಲು. ಅಲ್ಲಿ ಮದುವೆಮನೆಯಲ್ಲಿ ಯಾರಾದರೂ ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರೆ “ಶಿಲ್ಪಿ” ಎಂದು ತಲೆಯೆತ್ತಿ ಹೇಳುತ್ತಿದ್ದಳು. “ಯಾವ ದೇವ್ರು ಮಾಡಿದ್ದಾರೆ?” ಎಂಬ ಮುಂದಿನ ಪ್ರಶ್ನೆ ಬರುವಷ್ಟರಲ್ಲಿ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು. ಮುಳಬಾಗಿಲಿನ ಮದುವೆಗಳಲ್ಲಿ ಅವಳಷ್ಟು ನೀರು ಕುಡಿದವರಿಲ್ಲ.

ಕಳೆದ ಗೌರಿ ಹಬ್ಬ ಮುಗಿದ ಮೇಲೆ ಅಮರನಾಥ ಸ್ಕೂಟರಿನಲ್ಲಿ ಬಂದ.

“ರಿಟೈರ್ ಆಗೋಕೆ ಮುಂಚೆ ಸ್ಕೂಲ್ ಕಾಂಪೌಂಡಲ್ಲಿ ಒಂದು ಗಣಪತಿ ಕೂರಿಸ್ಬೇಕು ಕಣೋ. ನಿನ್ ಕೈಯಿಂದಾನೇ ಆಗ್ಬೇಕು. ಜನವರೀಲಿ ಸ್ಕೂಲ್ ಡೇ. ಆಗುತ್ತಾ?”

“ಆಗುತ್ತೆ” ಎಂದವಳು ಒಳಗಿದ್ದ ಶಾಮಲಮ್ಮ.

ಕಲ್ಲು ತಂದವನು ತಾಜ್ ಪಾಷಾ. ಊರಿನ ಅರ್ಧ ದೇವರು ಅವನ ಲಾರಿಯಲ್ಲೇ ಬಂದವರು. ಮೂರೂವರೆ ಅಡಿಯ ಕರಿಕಲ್ಲನ್ನು ಅಂಗಳದಲ್ಲಿ ಇಳಿಸಿ ಸುತ್ತಿಗೆಯಿಂದ ಒಮ್ಮೆ ತಟ್ಟಿದ. ಟಣ್ ಎಂದಿತು.

“ಕೇಳಿದ್ಯಾ? ಗಂಟೆ ಇದ್ದಂಗಿದೆ. ಇದ್ರಲ್ಲಿ ದೇವ್ರು ಬರ್ಲಿಲ್ಲ ಅಂದ್ರೆ ಕಲ್ಲನ್ನ ಬೈಬೇಡ ಭಾಯ್, ನಿನ್ನೇ ಬೈಕೋ.”

ಮುನಿಕೃಷ್ಣಪ್ಪ ಕಲ್ಲಿನ ಮುಂದೆ ಕೂತ. ಕೂತ ಗಣಪತಿಯೋ, ನಿಂತದ್ದೋ, ನರ್ತಿಸುವುದೋ? ಇದರಲ್ಲಿ ಒಂದು ತಿಂಗಳು ಹೋಯಿತು. ಕೂತದ್ದೇ ಎಂದಾದ ಮೇಲೆ ಸೊಂಡಿಲು ಎಡಕ್ಕೋ ಬಲಕ್ಕೋ? ಇನ್ನೊಂದು ತಿಂಗಳು.

“ಏಮಯ್ಯಾ, ನೀನು ಎಡನಾ ಬಲನಾ ಅನ್ನೋದ್ರೊಳಗೆ ಆನೆಗೇ ವಯಸ್ಸಾಗೋಗುತ್ತೆ” ಎಂದಳು ಶಾಮಲಮ್ಮ.

“ಆತುರ ಪಡ್ಬಾರ್ದು ಕಣೇ. ಒಂದ್ಸಲ ಹಾರಿದ ಚಕ್ಕೆ ತಿರ್ಗಿ ಅಂಟ್ಸೋಕಾಗುತ್ತಾ?”

ಮಾತು ಸರಿಯೇ. ಆದರೆ ಕೈ ಸುಮ್ಮನೆ ಕೂರುವುದಿಲ್ಲ. ಹೇಗಿದ್ದರೂ ಬುಡದಲ್ಲಿ ಇಲಿ ಇರಲೇಬೇಕು, ದೇವರ ವಿಷಯ ತೀರ್ಮಾನವಾಗುವಷ್ಟರಲ್ಲಿ ಅದನ್ನು ಮುಗಿಸಿಬಿಟ್ಟರಾಯಿತು ಎಂದು ಅವನು ಉಳಿ ಎತ್ತಿಕೊಂಡ. ಮೂವತ್ತೊಂಬತ್ತು ವರ್ಷ ಚೂರುಗಲ್ಲಿನಲ್ಲಿ ಮುದುರಿಕೊಂಡು ಕೂತಿದ್ದ ಇಲಿಗೆ ಮೊದಲ ಸಲ ಕಾಲು ಚಾಚಲು ಜಾಗ ಸಿಕ್ಕಿತು. ಹೊಟ್ಟೆ ದುಂಡಗಾಯಿತು. ಹೊಟ್ಟೆಗೆ ತಕ್ಕ ಬೆನ್ನು ಬೇಡವೇ? ಬೆನ್ನಿಗೆ ತಕ್ಕ ಬಾಲ? ಮುಂಗಾಲಲ್ಲಿ ಮೋದಕ ಬಂತು. ಮೋದಕದ ಮೇಲೆ ಹಲ್ಲಿನ ಗುರುತು ಬಂತು. ಮೀಸೆಯ ಒಂದೊಂದು ಎಳೆಯೂ ಎಣಿಸುವಂತೆ ಎದ್ದು ನಿಂತಿತು. ಅಷ್ಟು ಚೆನ್ನಾದ ಕೆಲಸವನ್ನು ಊರಿನಲ್ಲಿ ಯಾರೂ ಮಾಡಿರಲಿಲ್ಲ.

ಸ್ಕೂಲ್ ಡೇಗೆ ಹನ್ನೆರಡು ದಿನ ಇರುವಾಗ ತಾಜ್ ಪಾಷಾ ಬಂದು ನೋಡಿ, ಟೀ ಲೋಟ ಕೆಳಗಿಟ್ಟ.

“ಅರೇ, ಇದೇನಪ್ಪಾ! ಬಾಡಿಗೆಯವನೇ ಇಡೀ ಮನೆ ಆಕ್ರಮಿಸ್ಕೊಂಡವ್ನೆ! ಓನರ್ ಎಲ್ಲಿ?”

ಮುನಿಕೃಷ್ಣಪ್ಪ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದ. ಇಲಿಯೇ ಎರಡೂವರೆ ಅಡಿ. ಅದರ ಬೆನ್ನ ಮೇಲೆ ಕೆತ್ತದೆ ಉಳಿದ ಕಲ್ಲು ಒಂದೇ ಅಡಿ.

“ಒಂದಡೀಲೇ ಗಣಪತಿ ಮಾಡು” ಎಂದಳು ಶಾಮಲಮ್ಮ.

“ಇಷ್ಟು ದೊಡ್ಡ ಇಲಿ ಮೇಲೆ ಅಷ್ಟು ಚಿಕ್ಕ ದೇವ್ರಾ? ಇಲಿ ಗಣಪತೀನ ಕದ್ಕೊಂಡು ಓಡ್ತಿದ್ದಂಗಿರುತ್ತೆ.”

ಹನ್ನೊಂದು ದಿನ ಅವನು ಆ ಒಂದಡಿಯನ್ನು ನೋಡುತ್ತ ಕೂತ. ಹನ್ನೆರಡನೆಯ ದಿನ ಇಲಿಯನ್ನು ಇದ್ದಂತೆಯೇ ಲಾರಿಗೆ ಏರಿಸಿದರು. ಗಣಪತಿ ಹೊರಡುವ ದಿನ ಉಡಲೆಂದು ತೆಗೆದಿಟ್ಟಿದ್ದ ರೇಷ್ಮೆ ಸೀರೆಯನ್ನು ಶಾಮಲಮ್ಮ ಉಟ್ಟು ಇಲಿಯ ಜೊತೆಗೇ ಹೊರಟಳು.

ಅಮರನಾಥ ನೋಡಿದ, ನಕ್ಕ, ಬೈಯಲಿಲ್ಲ. ಅದೇ ಅನುಮಾನ ಹುಟ್ಟಿಸಿತು. ಕಾಂಪೌಂಡಿನ ಮೂಲೆಗೆ ಕರೆದೊಯ್ದ. ಅಲ್ಲಿ ಪೀಠದ ಮೇಲೆ ಆಗಲೇ ಹೂಹಾರ ಹಾಕಿಕೊಂಡು ಒಬ್ಬ ಗಣಪತಿ ಕೂತಿದ್ದ.

“ಬೇಜಾರ್ ಮಾಡ್ಕೋಬೇಡ ಕಣೋ. ನಿನ್ನ ಏಳನೇ ಕ್ಲಾಸಿಂದ ನೋಡಿದೀನಲ್ಲ. ಸೇಫ್ಟಿಗಿರ್ಲಿ ಅಂತ ಹೋದ್ ವಾರಾನೇ ಆಚಾರ್ರ ಶೆಡ್ಡಿಂದ ರೆಡಿ ಇದ್ದಿದ್ದು ತರಿಸ್ದೆ.”

ಶಾಮಲಮ್ಮ ಬಗ್ಗಿ ಪಾದದ ಬಳಿ ನೋಡಿದಳು. ಮುಷ್ಟಿಗಾತ್ರದ ಇಲಿ. ಎಡಗಿವಿ ಮಡಚಿತ್ತು.

ದೊಡ್ಡ ಇಲಿಯನ್ನು ಹೊಂಗೆ ಮರದ ಕೆಳಗೆ ಇಳಿಸಿದರು. ಸಭೆಯಲ್ಲಿ ಅಮರನಾಥ ಎಂದಿನ ಭಾಷಣ ಶುರುಮಾಡಿದ. “ಮಕ್ಕಳೇ, ಹದಿನೈದಕ್ಕೇ ಗುರಿ ಇರಬೇಕು. ಇಲ್ಲಿ ಕೂತಿದ್ದಾರೆ ನನ್ನ ಬಾಲ್ಯದ ಗೆಳೆಯ. ಚಿಕ್ಕಂದಿನಿಂದ ಒಂದೇ ಗುರಿ, ಒಂದೇ ಹಾದಿ!” ಮುನಿಕೃಷ್ಣಪ್ಪ ಹಿಂದೆ ತಿರುಗಿ ಯಾರಿರಬಹುದು ಎಂದು ನೋಡಿದ.

ಊಟದ ಗಂಟೆ ಹೊಡೆಯಿತು. ಭಾಷಣದ ಕೊನೆಯ ಸಾಲು ಕೇಳಲು ಒಂದು ಮಗುವೂ ಉಳಿಯಲಿಲ್ಲ. ಎಲ್ಲ ಹೊಂಗೆ ಮರದ ಕೆಳಗೆ. ಇಲಿಯ ಬಾಲ ಹಿಡಿದು ಹತ್ತಿ ಬೆನ್ನಿನ ಒರಟು ಕಲ್ಲಿನ ಮೇಲೆ ಕೂರಲು ನೂಕಾಟ. ಎಂಟನೇ ಕ್ಲಾಸಿನ ಮೇಘನ ಎಂಬ ಹುಡುಗಿ ಎಲ್ಲರನ್ನೂ ತಳ್ಳಿ ಮೇಲೇರಿ ಕೂತವಳು ಅಷ್ಟೇ ಬೇಗ ಎದ್ದಳು.

“ತಾತಾ! ಇದು ಚುಚ್ಚುತ್ತೆ! ಯಾಕ್ ಹಂಗೇ ಬಿಟ್ಟಿದ್ದೀರಾ?”

ಮುನಿಕೃಷ್ಣಪ್ಪ ಚೀಲದಿಂದ ಉಳಿ ತೆಗೆದ. ಶಾಮಲಮ್ಮ ಓಡಿಬಂದು ಅವನ ಮುಂಗೈ ಹಿಡಿದಳು.

“ಮುಟ್ಬೇಡ. ಅದ್ರಲ್ಲಿ ಇನ್ನೂ ಗಣಪತಿ ಅವ್ನೆ.”

ಅವನು ಕಲ್ಲನ್ನು ನೋಡಿದ. ಕೂತದ್ದೋ ನಿಂತದ್ದೋ, ಎಡಕ್ಕೋ ಬಲಕ್ಕೋ ಎಲ್ಲವೂ ಅದರೊಳಗೆ ಇನ್ನೂ ಹಾಗೇ ಇತ್ತು. ಕೆಳಗೆ ಮಕ್ಕಳ ಸಾಲು ಬೆಳೆಯುತ್ತಿತ್ತು.

“ಎಷ್ಟೊತ್ತು ತಾತಾ?”

“ಅರ್ಧ ಗಂಟೆ” ಎಂದ ಅವನು, ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು. ಜೀವನದಲ್ಲಿ ಅವನು ಇಷ್ಟು ಬೇಗ ಏನನ್ನೂ ಹೇಳಿರಲಿಲ್ಲ. ಚಕ್ಕೆಗಳು ಹಾರಿದವು. ಮೊದಲು ಮೇಲ್ಭಾಗ ಮಟ್ಟವಾಯಿತು, ಆಮೇಲೆ ಅಂಚು ದುಂಡಗಾಯಿತು. ಕೊನೆಗೆ ಅಂಗೈಯಿಂದ ಸವರಿ ನೋಡಿ ಪಕ್ಕಕ್ಕೆ ಸರಿದ. ಮೇಘನ ಮತ್ತೆ ಹತ್ತಿದಳು. ಈ ಸಲ ಇಳಿಯಲು ಒಪ್ಪಲಿಲ್ಲ.

ಅಡುಗೆಯ ಭಾರತಮ್ಮ ಶಾಮಲಮ್ಮನ ತಟ್ಟೆಗೆ ಚಿತ್ರಾನ್ನ ಬಡಿಸುತ್ತ ವಿಚಾರಿಸಿದಳು.

“ನಿಮ್ಮೋರು ಶಿಲ್ಪಿ ಅಂತೆ. ಯಾವ ದೇವ್ರು ಮಾಡಿರೋದು?”

ನೀರಿನ ಲೋಟ ಪಕ್ಕದಲ್ಲೇ ಇತ್ತು. ಶಾಮಲಮ್ಮ ಅದರತ್ತ ಚಾಚಿದ ಕೈಯನ್ನು ಹಾಗೇ ಹೊಂಗೆ ಮರದ ಕಡೆ ತಿರುಗಿಸಿದಳು.

“ದೇವ್ರಲ್ಲಮ್ಮಾ, ಇಲಿ” ಎಂದಳು. “ನೋಡು, ಅಷ್ಟು ದೊಡ್ಡದು.”