ಗಂಟುಮೋರೆ

ಬಂಡೆ ಹತ್ತುವ ಗೆಳೆಯರು ನಮ್ಮ ಅತ್ತಿಗೆಗೆ ಇಟ್ಟಿರುವ ಹೆಸರು ಗಂಟುಮೋರೆ. ಮುಖ ಗಂಟಿಕ್ಕಿಕೊಂಡೇ ಇರುತ್ತಾಳೆ ಎಂಬುದು ಒಂದು, ಎಲ್ಲರ ಸೊಂಟದ ಹಗ್ಗದ ಗಂಟಿಗೂ ಕೈ ಹಾಕಿ ನೋಡುತ್ತಾಳೆ ಎಂಬುದು ಇನ್ನೊಂದು. ಹೆಸರಿಟ್ಟವರಿಗೆ ತಮ್ಮ ಜಾಣತನದ ಬಗ್ಗೆ ಬಹಳ ಹೆಮ್ಮೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ನಾದಿನಿಯಾದವಳು ಅತ್ತಿಗೆಯ ಪರ ಮಾತಾಡುವುದುಂಟೇ ಎಂದು ನೀವು ಕೇಳಬಹುದು. ಆ ಮುಖಕ್ಕೆ ಗಂಟು ಬಿದ್ದದ್ದು ನನ್ನ ಒಡಹುಟ್ಟಿದ ಅಣ್ಣನಿಂದ. ಅದಕ್ಕೇ ಮಾತಾಡುತ್ತೇನೆ.

ಅತ್ತಿಗೆ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಶಾಲಾ ಮಕ್ಕಳ ಬ್ಯಾಗಿಗೆ ಪಟ್ಟಿ ಕೂರಿಸುವ ಮಿಷನ್ನು ಅವಳದು. ವಾರವೆಲ್ಲ ಕಿಟಕಿಯಿಲ್ಲದ ಹಾಲಿನಲ್ಲಿ ದಾರದ ಧೂಳು ಕುಡಿದು, ಭಾನುವಾರ ಬಂತೆಂದರೆ ಊರಾಚೆಯ ಬಂಡೆಗೆ ಓಡುತ್ತಿದ್ದಳು. ಅಣ್ಣನಿಗೆ ಆ ಹುಚ್ಚು ಹಿಡಿಸಿದ್ದೂ ಅವಳೇ. ಆಗ ಅವಳು ಎಷ್ಟು ನಗುತ್ತಿದ್ದಳೆಂದರೆ, "ಸ್ವಲ್ಪ ಹಲ್ಲು ಒಳಗಿಟ್ಕೊಳ್ಳೋಕೆ ಹೇಳೋ ನಿನ್ನ ಹೆಂಡ್ತಿಗೆ" ಎಂದು ನಮ್ಮಮ್ಮ ಗೊಣಗುತ್ತಿದ್ದಳು.

ಅಣ್ಣ ಬಿದ್ದ ದಿನ ನಾನೂ ಅಲ್ಲೇ ಇದ್ದೆ. ಹಗ್ಗ ಬಂಡೆಯ ನೆತ್ತಿಯ ಕೊಂಡಿಯಲ್ಲಿ ಹಾದು, ಎರಡು ತುದಿಯೂ ನೆಲಕ್ಕೆ ಬಂದಿತ್ತು. ಒಂದು ತುದಿಯನ್ನು ಹತ್ತುವವನು ತನ್ನ ಸೊಂಟಪಟ್ಟಿಗೆ ಗಂಟು ಹಾಕಿಕೊಳ್ಳಬೇಕು, ಇನ್ನೊಂದನ್ನು ಕೆಳಗೆ ನಿಂತವರು ಹಿಡಿಯಬೇಕು. ಅವತ್ತು ಹಿಡಿದು ನಿಂತಿದ್ದವಳು ಅತ್ತಿಗೆ. ಅಣ್ಣ ತನ್ನ ತುದಿಯನ್ನು ಪಟ್ಟಿಯೊಳಗೆ ತೂರಿಸಿದ. ಅಷ್ಟರಲ್ಲಿ ಯಾರೋ ಜೋಕು ಹೊಡೆದರು, ಆ ಕಡೆ ತಿರುಗಿದ.

"ರೀ, ಗಂಟು ಒಂದ್ಸಲ ನೋಡ್ಕೊಳ್ಳಿ" ಎಂದಳು ಅತ್ತಿಗೆ.

"ಆಯ್ತು" ಎಂದ ಅಣ್ಣ.

ಹಾಳಾದ ಮಾತು ಅದು! ನೋಡಿ ಮುಗೀತು ಎಂದೂ ಆಗುತ್ತದೆ, ಸರಿ ಬಿಡು, ನೋಡ್ತೀನಿ ಎಂದೂ ಆಗುತ್ತದೆ. ಅವನು ಹೇಳಿದ್ದು ಎರಡನೆಯದು, ಅವಳಿಗೆ ಕೇಳಿಸಿದ್ದು ಮೊದಲನೆಯದು. ಅವನು ನೋಡಲೂ ಇಲ್ಲ, ಕಟ್ಟಲೂ ಇಲ್ಲ, ಹತ್ತಿದ. ಎರಡಾಳೆತ್ತರ ಹೋಗಿ, ಸುಧಾರಿಸಿಕೊಳ್ಳಲೆಂದು ಹಗ್ಗಕ್ಕೆ ಮೈಭಾರ ಬಿಟ್ಟ. ತೂರಿಸಿದ್ದ ತುದಿ ಸರ್ರನೆ ಜಾರಿ ಹೊರಬಂತು. ಅಣ್ಣ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ. ಅತ್ತಿಗೆ ಹಿಡಿದಿದ್ದ ತುದಿ ಅವಳ ಕೈಯಲ್ಲೇ ಇತ್ತು.

ಕಾಲಿನ ಮೂಳೆ ಕೂಡಿಕೊಂಡಿತು, ಕುಂಟು ಉಳಿಯಿತು. ಆಸ್ಪತ್ರೆಯಲ್ಲಿ ಅಮ್ಮ "ಹೆಂಗೋ ಬಿದ್ದೆ?" ಎಂದಾಗ ಈ ಪುಣ್ಯಾತ್ಮ ಬಾಯಿಬಿಟ್ಟದ್ದು ಇಷ್ಟೇ: "ಹಗ್ಗ ಅವಳ ಹತ್ರ ಇತ್ತು." ಸುಳ್ಳಲ್ಲ ನೋಡಿ! ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. ಅಂದಿನಿಂದ ಅಮ್ಮ ಸೊಸೆಯ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ಗಂಟಲು ಹರಿಯುವಂತೆ ಹೇಳಿದೆ. "ನಿಂಗೂ ಮಂಕುಬೂದಿ ಎರಚಿದ್ದಾಳೆ ಅವಳು. ನಿಜ ಆಗಿದ್ರೆ ನನ್ನ ಮಗ ಹೇಳಲಿ" ಎಂದಳು ಅಮ್ಮ. ಮಗ ಗೋಡೆಗೆ ಮುಖ ಮಾಡಿ ಮಲಗಿದ್ದ.

ಅತ್ತಿಗೆ ಯಾರ ಹತ್ತಿರವೂ ವಾದಕ್ಕೆ ಹೋಗಲಿಲ್ಲ. "ಬರೀ ಬಾಯಲ್ಲಿ ಹೇಳಿದೆ, ಮುಟ್ಟಿ ನೋಡಬೇಕಿತ್ತು. ಅಷ್ಟು ನನ್ನ ತಪ್ಪು" ಎಂದು ನನ್ನೆದುರು ಒಮ್ಮೆ ಹೇಳಿದಳು. "ಉಳಿದದ್ದು ಅವರದು. ಅವರೇ ಹೊರಲಿ." ಆಮೇಲೆ ಬಂಡೆಯ ಬುಡದಲ್ಲಿ ಆಯ್ತು ಎಂಬ ಮಾತಿಗೇ ಬಹಿಷ್ಕಾರ ಹಾಕಿದಳು. ಹತ್ತುವವರು "ಹಾಕಿದ್ದೀನಿ, ನೋಡು" ಎನ್ನಬೇಕು. ಹಿಡಿಯುವವರು ಗಂಟನ್ನು ಬೆರಳಿಂದ ಸವರಿ "ನೋಡಿದ್ದೀನಿ" ಎನ್ನಬೇಕು. ಬಾಯಿ ತಪ್ಪಿ ಆಯ್ತು ಎಂದವರು ಎಲ್ಲ ಬಿಚ್ಚಿ ಮೊದಲಿಂದ ಕಟ್ಟಬೇಕು. ನಗುವವರು ನಗುತ್ತಾರೆ. ಅವರ ಮೂಳೆಗಳು ಇನ್ನೂ ನೆಟ್ಟಗಿವೆಯಲ್ಲ, ನಗಲಿ.

ಕಳೆದ ಭಾನುವಾರ ಅಣ್ಣನ ಮಗಳು ಮೊದಲ ಸಲ ಹತ್ತುವವಳಿದ್ದಳು. ಅವನು ಬಿದ್ದಾಗ ಇನ್ನೂ ತೊದಲುತ್ತಿದ್ದ ಕೂಸು ಅದು, ಈಗ ನನ್ನ ಭುಜದೆತ್ತರ. ಹಗ್ಗ ತಾನೇ ಹಿಡಿಯುತ್ತೇನೆಂದು ಅಣ್ಣ ಹಟ ಹಿಡಿದ. ಹುಡುಗಿ "ಹಾಕಿದ್ದೀನಿ, ನೋಡು" ಎಂದಳು. ಅವನು ದೂರದಿಂದಲೇ ಕಣ್ಣಾಡಿಸಿ, "ಆಯ್ತು, ಹತ್ತು ಪುಟ್ಟಿ" ಎಂದ.

ಅತ್ತಿಗೆ ನಡುವೆ ನುಗ್ಗಿ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.

"ಎಲ್ಲರ ಮುಂದೆ ಇದೇನೇ ಇದು? ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ. ಯಾಕಿಲ್ಲ ಅಂತ ನಿಮ್ಮ ಮಗಳಿಗೆ ನೀವೇ ಹೇಳಿ."

ಹುಡುಗಿ ಅಪ್ಪನ ಕಡೆ ತಿರುಗಿದಳು. "ಅಜ್ಜಿ ಒಂದು ಹೇಳ್ತಾರೆ, ಅತ್ತೆ ಒಂದು ಹೇಳ್ತಾರೆ. ಅಮ್ಮ ಹಗ್ಗ ಬಿಟ್ಳಾ ಅಪ್ಪಾ?"

ಅಣ್ಣ ತನ್ನ ಬೂಟು ನೋಡಿಕೊಂಡ. "ಇಲ್ಲ ಪುಟ್ಟಿ. ನಾನು ಗಂಟೇ ಹಾಕಿರಲಿಲ್ಲ."

"ಇದನ್ನ ನಿಮ್ಮ ಅಮ್ಮನಿಗೂ ಹೇಳಿ" ಎಂದಳು ಅತ್ತಿಗೆ.

"ಮನೆಗೆ ಹೋದ ಮೇಲೆ..."

"ಈಗ. ಫೋನ್ ಜೇಬಲ್ಲೇ ಇದೆ ತಾನೆ?"

ಅಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಕಿರುಚುತ್ತಾಳೆ. ಅಲ್ಲಿದ್ದವರಿಗೆಲ್ಲ ಕೇಳಿಸಿತು. "ಏನೋ? ಮತ್ತೆ ಕೈಬಿಟ್ಳೇನೋ ನಿನ್ನ?"

"ಇಲ್ಲಮ್ಮ. ಅವತ್ತೂ ಬಿಟ್ಟಿರಲಿಲ್ಲ. ಗಂಟು ಹಾಕದೆ ಹತ್ತಿದ್ದು ನಾನು. ಗೊತ್ತಿದ್ದೂ ಸುಮ್ನಿದ್ದೆ."

ಈ ಸಲ ಅಮ್ಮ ದನಿ ತಗ್ಗಿಸಿ ಏನೋ ಅಂದಳು, ನಮಗೆ ಕೇಳಿಸಲಿಲ್ಲ. ಅಣ್ಣ ಫೋನನ್ನು ಅತ್ತಿಗೆಯತ್ತ ಚಾಚಿದ. "ನಿನ್ನ ಹತ್ರ ಮಾತಾಡ್ಬೇಕಂತೆ."

ಅತ್ತಿಗೆ ಅಷ್ಟರಲ್ಲಿ ಮಗಳ ಗಂಟನ್ನು ಸವರಿ ನೋಡಿ, ಹಗ್ಗದ ಸಡಿಲವನ್ನೆಲ್ಲ ಎಳೆದುಕೊಂಡು, ಬಂಡೆಗೆ ಮುಖ ಮಾಡಿ ನಿಂತಿದ್ದಳು.

"ಕಾಯೋಕೆ ಹೇಳಿ" ಎಂದಳು. "ನನ್ನ ಕೈ ಖಾಲಿ ಇಲ್ಲ."