ತಂಗಿಯ ಕಾಲು, ನನ್ನ ಹೆಸರು

ಇದು ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಗಿತ್ತು. ಮುಂದಿನ ಭಾನುವಾರ ಚನ್ನರಾಯಪಟ್ಟಣದಲ್ಲಿ ಜಿಲ್ಲಾ ಮಟ್ಟದ ಓಟದ ಸ್ಪರ್ಧೆ. ನನ್ನ ತಂಗಿ ಸವಿತ ಅದರಲ್ಲಿ ಓಡಬೇಕಿತ್ತು. ಗೆದ್ದರೆ ರಾಜ್ಯಮಟ್ಟಕ್ಕೆ ಹೋಗಬಹುದಿತ್ತು. ಹುಡುಗಿಯರ ವಿಭಾಗದಲ್ಲಿ ಓಡಲು ಅವಳ ವಯಸ್ಸಿಗೆ ಅದೇ ಕೊನೆಯ ವರ್ಷ.

ನಮ್ಮ ತವರು ಅರಕಲಗೂಡು ಕಡೆ. ನನ್ನನ್ನು ಕೊಟ್ಟಿರುವುದು ಹೊಳೆನರಸೀಪುರದ ಹತ್ತಿರದ ಹಳ್ಳಿಗೆ. ಕಾಲೇಜಿಗೆ ಹತ್ತಿರ ಅಂತ ಸವಿತ ನಮ್ಮ ಮನೆಯಲ್ಲೇ ಇದ್ದಳು. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಊರಲ್ಲಿ ನನಗೊಂದು ಹೆಸರಿದೆ. ಹುಟ್ಟುವಾಗ ಕಾಲು ಮುಂದಾಗಿ ಬಂದವಳು ನಾನು. ಅಂಥವರು ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಲಂಗ ಹಾಕುವ ವಯಸ್ಸಿನಿಂದ ಈ ಕೆಲಸ ಮಾಡಿದ್ದೇನೆ. ಬೇರೆ ಹೊತ್ತಿನಲ್ಲಿ ನನ್ನ ಮುಖವನ್ನೂ ನೋಡದ ಊರ ಯಜಮಾನರು ಸೊಂಟ ಹಿಡಿದುಕೊಂಡರೆ ನಮ್ಮ ಜಗಲಿಯ ಮೇಲೆ ಬೋರಲು ಮಲಗಿ "ತುಳಿಯವ್ವ" ಅನ್ನುತ್ತಾರೆ. ಎಷ್ಟೋ ಜನ ಎದ್ದು ಸರಾಗವಾಗಿ ನಡೆದುಹೋಗಿದ್ದಾರೆ. ಹಾಗಾಗಿ ನನ್ನ ಕಾಲಿನ ಮೇಲೆ ನನಗೆ ಅನುಮಾನವೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನಾಲೆ ಏರಿಯ ಮೇಲೆ ಓಡುವಾಗ ಸವಿತಳ ಎಡಗಾಲು ಒಂದು ಗುಂಡಿಯಲ್ಲಿ ಹೊರಳಿತು. ಸ್ವಲ್ಪ ಕುಂಟುತ್ತಾ ಮನೆಗೆ ಬಂದಳು. ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸರು ನಮ್ಮ ಬಾಗಿಲಲ್ಲಿ ನಿಂತರು. ಒಬ್ಬಳು, "ಮನೇಲೇ ಡಾಕ್ಟ್ರವ್ರೆ, ಇವ್ಳಿಗೇನ್ ಬುಡು" ಅಂದಳು. ನನಗೂ ಹುಮ್ಮಸ್ಸು ಬಂತು. ಸವಿತಳನ್ನು ಅಲ್ಲೇ ಕೂರಿಸಿ, ಗಂಡಸರ ಬೆನ್ನಿಗೆ ತುಳಿದಷ್ಟೇ ಜೋರಾಗಿ ಪಾದದ ಕೀಲಿನ ಮೇಲೆ ಮೂರು ಸಲ ತುಳಿದೆ. ಆಮೇಲೆ ಎಲ್ಲರಿಗೂ ಕೇಳಿಸುವಂತೆ, "ಓಯ್ತಾ?" ಅಂದೆ.

ಅವಳು ನನ್ನ ಮುಖ ನೋಡಿದಳು. ಆ ಹೆಂಗಸರನ್ನು ನೋಡಿದಳು. "ಓಯ್ತು ಕಣಕ್ಕ" ಅಂದಳು.

ವಾಸಿಯಾಯಿತು ಅಂದಮೇಲೆ ಮನೆಯಲ್ಲಿ ಕೂರುವ ಹಾಗಿಲ್ಲವಲ್ಲ. ಮರುದಿನ ಬೆಳಿಗ್ಗೆ ಮತ್ತೆ ಓಡಲು ಹೋದಳು. ಅದರ ಮರುದಿನವೂ ಹೋದಳು. ಬೀದಿಯಲ್ಲಿ ನೆಟ್ಟಗೆ ಬರುತ್ತಿದ್ದವಳು ಹಿತ್ತಲಿಗೆ ಬಂದರೆ ಗೋಡೆ ಹಿಡಿದು ನಡೆಯುತ್ತಿದ್ದಳು. ಹಸುವಿಗೆ ಹುಲ್ಲು ಹಾಕುತ್ತಾ ನಾನದನ್ನು ನೋಡಿದೆ. ನೋಡಿಯೂ ತಲೆ ತಗ್ಗಿಸಿ ಹುಲ್ಲು ಹಾಕಿದೆ. ನಮ್ಮ ಯಜಮಾನರು, ಹುಡುಗಿಯ ಕಾಲು ಊದಿದ ಹಾಗಿದೆ ಅಂದಾಗ, ಓಡುವವರ ಕಾಲು ಇರುವುದೇ ಹಾಗೆ ಅಂತ ಅವರ ಬಾಯಿ ಮುಚ್ಚಿಸಿದೆ. ತುಳಿಯುವಾಗ ನನಗೆ ಗೊತ್ತಿರಲಿಲ್ಲ, ಅದು ಬೇರೆ. ಇದೆಲ್ಲ ಗೊತ್ತಿದ್ದೇ ಮಾಡಿದ್ದು. ನನ್ನ ಸ್ವಂತ ತಂಗಿಯೇ ಡಾಕ್ಟರ ಹತ್ತಿರ ಹೋದಳು ಅಂತಾದರೆ ಊರವರು ನನ್ನನ್ನು ಏನಂದುಕೊಳ್ಳುತ್ತಾರೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಗುರುವಾರ ಮಲ್ಲಿಪಟ್ಟಣದಿಂದ ನಂಜೇಗೌಡರು ಅಂತ ತವರಿನ ಕಡೆಯ ಹಿರಿಯರು ಬಂದರು. ಶುಂಠಿ ಮೂಟೆ ಎತ್ತಲು ಹೋಗಿ ಬೆನ್ನು ಹಿಡಿದುಕೊಂಡಿತ್ತು. ಮಗ ಆಸ್ಪತ್ರೆಗೆ ತೋರಿಸು ಅಂದಿದ್ದನಂತೆ. ತುಳಿಸಿಕೊಳ್ಳುವುದೋ ಬೇಡವೋ ಅಂತ ಜಗಲಿಯ ಮೇಲೆ ಕೂತು ಯೋಚಿಸುತ್ತಿದ್ದರು. ಕುಡಿಯಲು ನೀರು ತಂದ ಸವಿತ, "ಅನುಮಾನ ಬ್ಯಾಡ ತಾತ, ನನ್ ಕಾಲೇ ನೋಡಿ. ಅಕ್ಕ ತುಳಿದಿದ್ಕೆ ಒಂದೇ ದಿನಕ್ಕೆ ಓಯ್ತು" ಅಂದಳು. ಅಷ್ಟಕ್ಕೇ ಬಿಡದೆ ಅಂಗಳಕ್ಕಿಳಿದು, ಕುಂಟಾಬಿಲ್ಲೆ ಆಡುವವಳ ಹಾಗೆ ಅದೇ ಎಡಗಾಲಲ್ಲಿ ಕುಪ್ಪಳಿಸಿ ತೋರಿಸಿದಳು.

ಗೌಡರು ನಗುತ್ತಾ ಬೋರಲು ಮಲಗಿದರು. ನಾನು ಸವಿತಳನ್ನೇ ನೋಡುತ್ತಿದ್ದೆ. ಆ ಚಳಿಯಲ್ಲೂ ಅವಳ ತುಟಿಯ ಮೇಲೆ ಬೆವರು ಒಡೆದಿತ್ತು. ಮುಖದ ನಗು ಮಾತ್ರ ಹಾಗೇ ಇತ್ತು. ನನ್ನಿಂದ ತುಳಿಯಲು ಆಗಲಿಲ್ಲ.

"ಎದ್ದೇಳಿ ಗೌಡ್ರೆ" ಅಂದೆ.

"ಯಾಕವ್ವ? ಇನ್ನೂ ತುಳ್ದೇ ಇಲ್ವಲ್ಲ."

"ಇವ್ಳ ಕಾಲು ವಾಸಿಯಾಗಿಲ್ಲ. ನನ್ ಮರ್ಯಾದಿ ಉಳ್ಸಕೆ ಸುಳ್ ಏಳ್ತಾವ್ಳೆ. ನಡೀರಿ ಆಸ್ನಕ್ಕೋಗನ, ನಿಮ್ ಬೆನ್ನೂ ತೋರ್ಸನ."

"ನೀನೇ ಇಂಗಂದ್ರೆ ನಾವ್ ಯಾರ್ ತಾವ ಓಗದವ್ವ" ಅಂತ ಗೊಣಗುತ್ತಲೇ ಅವರು ಎದ್ದು ಟವಲ್ ಕೊಡವಿದರು. ಮೂವರೂ ಬಸ್ಸು ಹತ್ತಿದೆವು.

ಹಾಸನದ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ, ಕೀಲನ್ನು ಹಿಡಿದಿರುವ ಲಿಗಮೆಂಟು ಎಳೆದಿದೆ ಅಂದರು. ಶುರುವಿನಲ್ಲಿ ಚಿಕ್ಕ ಪೆಟ್ಟೇ ಇದ್ದಿರಬೇಕು, ಅವತ್ತೇ ಓಟ ನಿಲ್ಲಿಸಿ ಕಾಲಿಗೆ ಬಿಡುವು ಕೊಟ್ಟಿದ್ದರೆ ಭಾನುವಾರ ಓಡಬಹುದಿತ್ತೇನೋ, ಈಗ ಓಡಿದರೆ ಪೂರ್ತಿ ಹರಿಯುತ್ತದೆ ಅಂದರು. ಅದರ ಮೇಲೆ ಯಾರಾದರೂ ತುಳಿದರಾ ಅಂತಲೂ ಕೇಳಿದರು. "ನಾನೇ ಸಾ" ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆನ್ನಿಗೆ ಮಾತ್ರೆ ಬರೆಸಿಕೊಂಡ ಗೌಡರು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯಲು ಹೋದಾಗ ಸವಿತಳನ್ನು ಕೇಳಿದೆ. "ಅವತ್ತು ಓಯ್ತು ಅಂತ ಯಾಕಂದೆ ಕಣೆ?"

"ಎಲ್ರ ಮುಂದೆ ಕೇಳ್ಬುಟ್ಟಲ್ಲಕ್ಕ. ಇಲ್ಲ ಅಂದಿದ್ರೆ ನಿನ್ ಮಕ ಏನಾಗದು?" ಅಂದಳು. ಕೋಪವಿರಲಿಲ್ಲ. ಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, "ನನ್ನೊಬ್ಳನ್ನೇ ಕೇಳಿದ್ರೆ ಏಳ್ತಿದ್ದೆ" ಅಂದಳು.

ಭಾನುವಾರ ಸವಿತ ಮನೆಯಲ್ಲಿ ಕೂರಲು ಒಪ್ಪಲಿಲ್ಲ. ಕಾಲಿಗೆ ಪಟ್ಟಿ ಸುತ್ತಿಕೊಂಡೇ ನನ್ನನ್ನು ಚನ್ನರಾಯಪಟ್ಟಣಕ್ಕೆ ಹೊರಡಿಸಿದಳು. ರಸ್ತೆ ಬದಿಯಲ್ಲಿ ನನ್ನ ತೋಳು ಹಿಡಿದು ನಿಂತು, ಜೊತೆಯ ಹುಡುಗಿಯರ ಹೆಸರು ಕೂಗುತ್ತಿದ್ದಳು. ಸೀಟಿ ಊದಿದ ತಕ್ಷಣ ಅವಳ ಮೈ ತನ್ನಷ್ಟಕ್ಕೇ ಮುಂದಕ್ಕೆ ಜಗ್ಗಿತು. ನನ್ನ ತೋಳೂ ಅದರ ಜೊತೆ ಜಗ್ಗಿತು. ಆಮೇಲೆ ಇಬ್ಬರೂ ನಿಂತೆವು.

ಈಗ ಅವಳ ಕಾಲು ಗಟ್ಟಿಯಾಗಿದೆ. ದೊಡ್ಡವರ ವಿಭಾಗದಲ್ಲಿ ಓಡುತ್ತಾಳೆ. ಹೋದ ತಿಂಗಳು ಹಾಸನದಲ್ಲಿ ಎರಡನೆಯವಳಾಗಿ ಬಂದಳು. ಇನ್ನೂ ಮುಂದೆ ಬರುತ್ತಾಳೆ, ಅದರಲ್ಲಿ ನನಗೆ ಸಂದೇಹವಿಲ್ಲ. ಬೆನ್ನು ಹಿಡಿದವರು ನನ್ನ ಹತ್ತಿರ ಈಗಲೂ ಬರುತ್ತಾರೆ. ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಅನ್ನುತ್ತೇನೆ. ಅದರಿಂದ ಬರುವವರು ಕಡಿಮೆಯಾಗಿಲ್ಲ.

ನಾನು ಹೆದರಿದ್ದ ಹಾಗೆ ಊರಲ್ಲಿ ಏನೂ ಆಗಲಿಲ್ಲ. ಡೇರಿಯ ಹತ್ತಿರ ಒಂದೆರಡು ದಿನ ಮಾತಾಡಿ ನಕ್ಕರು, ಮರೆತರು. ಅಷ್ಟು ಸಣ್ಣ ನಗುವಿಗೆ ಹೆದರಿ ನನ್ನ ತಂಗಿಯ ಆ ವರ್ಷವನ್ನು ಕಳೆದೆನಲ್ಲ ಅನ್ನುವುದು ಮಾತ್ರ ನನ್ನೊಳಗೆ ಹಾಗೇ ಉಳಿದಿದೆ.