ಕಾಕು ಒಯ್ದ ತಕ್ಕಡಿ

ಇದು ಹೀಗೆಯೇ ನಡೆಯಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಈಚೆಗೆ ಅಟ್ಟ ತೆರವು ಮಾಡುವಾಗ ಅಡುಗೆಮನೆಯ ಹಳೆಯ ಎಲೆಕ್ಟ್ರಾನಿಕ್ ತಕ್ಕಡಿ ಸಿಕ್ಕಿತು. ಆಗ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕು ಅದನ್ನು ಒಯ್ದು ಹಿಂತಿರುಗಿಸಿದಾಗ ಒರೆಸಿಟ್ಟಂತೆ ಸ್ವಚ್ಛವಾಗಿತ್ತು ಎಂದು ನನ್ನ ನೆನಪು. ಅಂಚಿಗೆ ಹಿಟ್ಟು ಮೆತ್ತಿತ್ತು ಎಂದು ಹೆಂಡತಿಯ ನೆನಪು...

ಮಗಳು ಹುಟ್ಟಿದ್ದು ವಡೋದರಾದಲ್ಲಿ, ದೀಪಾವಳಿ ಹತ್ತಿರವಿದ್ದಾಗ. ಆ ಕಟ್ಟಡಕ್ಕೆ ನಾವು ಬಂದು ತಿಂಗಳಾಗಿತ್ತಷ್ಟೆ. ಬಾಣಂತನಕ್ಕೆ ಬರಬೇಕಿದ್ದ ಹೆಂಡತಿಯ ತಾಯಿ ಕಾಲು ಮುರಿದುಕೊಂಡು ದಾವಣಗೆರೆಯಲ್ಲೇ ಉಳಿದಿದ್ದರು. ಮಗು ಮೊಲೆಯ ತುದಿಯನ್ನಷ್ಟೇ ಕಚ್ಚುತ್ತಿತ್ತು. ತೊಟ್ಟು ಬಿರಿದು, ಪ್ರತಿ ಸಲವೂ ಹೆಂಡತಿ ಹಲ್ಲು ಕಚ್ಚಿ ಕೂರುತ್ತಿದ್ದಳು.

ಮಗು ಚೆನ್ನಾಗಿದೆ, ವಾರಕ್ಕೊಮ್ಮೆ ತೂಕಕ್ಕೆ ತನ್ನಿ ಎಂದಿದ್ದರು ಡಾಕ್ಟರು. ನಾನು ರಸಾಯನಶಾಸ್ತ್ರ ಓದಿದವನು; ಅಳೆಯದೆ ನಂಬುವುದು ನನಗೆ ಬರುವುದಿಲ್ಲ. ತಕ್ಕಡಿಯ ಮೇಲೆ ಹರಿವಾಣವಿಟ್ಟು, ಮಗುವನ್ನು ಹಾಲು ಕುಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗುತ್ತಿದ್ದೆ. ನಾನು ಅಂಕಿ ಹೇಳಿದಾಗಲೆಲ್ಲ ಹೆಂಡತಿ ಗೋಡೆಯ ಕಡೆ ತಿರುಗುತ್ತಿದ್ದಳು. ಪುಡಿಹಾಲಿನ ಡಬ್ಬಿ ತಂದಿಟ್ಟಿದ್ದೆ; ಅದನ್ನು ತೆರೆಯಬಾರದೆಂದು ಅವಳ ಹಟ. ಪಟಾಕಿಯ ಸದ್ದಿಗೆ ಕಿಟಕಿ ಮುಚ್ಚಿತ್ತು. ಕುರ್ಚಿ, ಮಂಚ, ತಕ್ಕಡಿ... ಅವಳ ಓಡಾಟ ಅಷ್ಟರಲ್ಲೇ.

“ಇನ್ನೊಂದ್ಸಲ ತೂಗಿದ್ರೆ ಬಾಗಿಲು ತೆಗೆದು ಹೊರಟುಹೋಗ್ತೀನಿ,” ಎಂದಳು ಒಂದು ಮಧ್ಯಾಹ್ನ. ಎಲ್ಲಿಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಕಾಕು ಬಂದದ್ದು ಅಂದೇ ಇರಬೇಕು. ಧಾರವಾಡದವರು, ಗಂಡನ ರೈಲ್ವೆ ಕೆಲಸದಿಂದ ಆ ಊರು ಸೇರಿದವರು; ಅವರ ಕಡೆ ಕಾಕು ಎಂದರೆ ಚಿಕ್ಕಮ್ಮ. ಸಬ್ಬಸಿಗೆ ಪಲ್ಯದ ಡಬ್ಬಿ ಹಿಡಿದು ಬಂದವರು ಹರಿವಾಣದಲ್ಲಿದ್ದ ಮಗುವನ್ನು ಕಂಡು ನಿಂತರು.

“ಏನ್ರಿ ಸಾಹೇಬ್ರ, ಕೂಸು ಮಾರ್ಲಿಕ್ಕೆ ಇಟ್ಟೀರೇನು?”

ನಾನು ತೂಕದ ಪಟ್ಟಿ ತೋರಿಸಿದೆ. ಅವರು ನೋಡಿದ್ದು ಬಾಲ್ಕನಿಯ ಹಗ್ಗವನ್ನು, ಅಂದು ಒಗೆದು ಹರವಿದ್ದ ಮಗುವಿನ ಬಟ್ಟೆಗಳನ್ನು. “ಹಾಲು ಹೊಟ್ಟಿಗೆ ಹೋಗದೇ ಇಷ್ಟು ಉಚ್ಚಿ ಎಲ್ಲಿಂದ ಬಂತ್ರಿ?”

ಹೆಂಡತಿಯ ಬೆನ್ನಿಗೆ ದಿಂಬು ಕೊಟ್ಟು, ಪಾದದ ಕೆಳಗೆ ಮಣೆ ಸರಿಸಿದರು. “ನೀ ಬಗ್ಗಬ್ಯಾಡ ತಂಗಿ, ಕೂಸನ್ನ ನಿನ್ನ ಕಡೆ ತಗೋ. ಹೊಟ್ಟಿಗೆ ಹೊಟ್ಟಿ ಹತ್ತಲಿ. ಬಾಯಿ ಪೂರಾ ಅಗಲ ಮಾಡೋತನಕಾ ತಡಿ.” ಎರಡು ಸಲ ತಪ್ಪಿತು. ಮೂರನೆಯ ಸಲ ಮಗುವಿನ ಗದ್ದ ಎದೆಗೊತ್ತಿತು, ಕೆಳದುಟಿ ಹೊರಳಿತು. ಹೆಂಡತಿಯ ಬಿಗಿದ ಹೆಗಲು ಇಳಿದದ್ದನ್ನು ನಾನು ಕಂಡೆ. ಅಥವಾ ಅವಳು ಹೇಳಿದ ಮೇಲೆ ಕಂಡಂತೆ ನೆನಪಾಗಿದೆಯೋ...

ಹೋಗುವಾಗ ಕಾಕು ತಕ್ಕಡಿಯನ್ನು ಕಂಕುಳಿಗೆ ಏರಿಸಿಕೊಂಡರು. “ದೀಪಾವಳಿಗೆ ಚಕ್ಕುಲಿ ಹಿಟ್ಟು ತೂಗೋದದ. ಹಬ್ಬ ಮುಗಿಸಿ ಕೊಡ್ತೀನಿ.” ಹರಿವಾಣವಷ್ಟೇ ನನ್ನ ಕೈಯಲ್ಲಿ ಉಳಿಯಿತು.

ಎರಡು ದಿನ ಚಡಪಡಿಸಿದೆ. ಇನ್ನೊಂದನ್ನು ಕೊಳ್ಳಲೆಂದು ಅಂಗಡಿಯವರೆಗೂ ಹೋಗಿ ವಾಪಸು ಬಂದೆ. ನೋಡಲು ಅಂಕಿಯಿಲ್ಲದೆ ಸುಮ್ಮನೆ ಕೂತಾಗ ಮಗು ಗುಟುಕರಿಸುವ ಸದ್ದು ಕೇಳಿಸಿತು. ಕಾಕು ದಿನವೂ ಮಧ್ಯಾಹ್ನ ಬಂದು ದಿಂಬು ಸರಿಮಾಡುತ್ತಿದ್ದರು. ವಾರದ ತೂಕ ನೋಡಿ ಡಾಕ್ಟರು ಸಾಕು ಎಂದರು. ಪುಡಿಹಾಲಿನ ಡಬ್ಬಿ ತೆರೆಯಲೇ ಇಲ್ಲ.

ಹಬ್ಬದ ನಂತರ ತಕ್ಕಡಿ ಬಂತು. ಯಾರ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸದ ಕಾಕು ಜೊತೆಗೆ ಒಂದು ಚಕ್ಕುಲಿಯನ್ನೂ ತರಲಿಲ್ಲ. ಆಗ ನಾನದನ್ನು ಯೋಚಿಸಲಿಲ್ಲ.

ವರ್ಗವಾಗಿ ಅಹಮದಾಬಾದಿಗೆ ಬಂದೆವು. ಕಾಕು ತೀರಿಕೊಂಡ ಸುದ್ದಿ ತಿಂಗಳುಗಳ ಮೇಲೆ ತಲುಪಿತು; ಹೇಳಬೇಕಾದದ್ದನ್ನು ಅವರಿಗೆ ಹೇಳಿಯೇ ಇರಲಿಲ್ಲ. ತಕ್ಕಡಿ ಸಿಕ್ಕ ಮೇಲೆ ಸೂರತ್ತಿಗೆ ಹೋದಾಗ ಅಲ್ಲಿನ ಉಧ್ನಾ ಬಡಾವಣೆಯಲ್ಲಿರುವ ಕಾಕುವಿನ ಮಗಳನ್ನು ಕಂಡು, ಆ ದೀಪಾವಳಿಯ ಚಕ್ಕುಲಿಯ ಮಾತು ತೆಗೆದೆ.

“ಆ ವರ್ಷ? ಇಲ್ಲ ಅಂಕಲ್. ಅಜ್ಜಿ ಎಕ್ಸ್‌ಪೈರ್ ಆಗಿದ್ರಲ್ಲ. ವರ್ಷಪೂರ್ತಿ ಮನ್ಯಾಗ ಹಬ್ಬ, ಕರಿಯೋದು ಎಲ್ಲಾ ಬಂದ್ ಇತ್ತು.”

ಅವಳ ನೆನಪೂ ತಪ್ಪಿರಬಹುದಲ್ಲ. ಗೋಡೆಯ ಮೇಲೆ ಅಜ್ಜಿಯ ಪಟವಿತ್ತು. ಎದ್ದು ಹತ್ತಿರ ಹೋಗಿ, ಕನ್ನಡಕ ಸರಿಪಡಿಸಿಕೊಂಡು, ಕೆಳಗೆ ಬರೆದಿದ್ದ ದಿನಾಂಕ ಓದಿದೆ. ಅದು ನಮ್ಮ ಮಗಳು ಹುಟ್ಟುವುದಕ್ಕೆ ಎರಡು ತಿಂಗಳು ಹಿಂದಿನದು.